ಅಂಗಿ ಬಿಚ್ಚದವನ ಆರು ವಾರ

ಬೇಸಿಗೆಯ ಮಧ್ಯಾಹ್ನ ಕೊಪ್ಪಳದ ಕಡೆ ಯಾವನಾದರೂ ಗಂಡಸು ಅಂಗಿಯ ಕೊರಳಗುಂಡಿಯನ್ನೂ ಬಿಡದೆ ಹಾಕಿಕೊಂಡು ಮಲಗಿದ್ದನ್ನು ನೀವು ಕಂಡಿದ್ದರೆ, ಬಹುಶಃ ನನ್ನನ್ನೇ ಕಂಡಿದ್ದೀರಿ. ನಮ್ಮ ಕಡೆಯ ಗಂಡಸರು ಶಿವರಾತ್ರಿ ಮುಗಿಯುತ್ತಲೇ ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ಮೊದಲ ಮಳೆ ಬೀಳುವವರೆಗೆ ಅದು ಗೂಟದಲ್ಲೇ ಇರುತ್ತದೆ. ಸಂತೆಗೋ ಬೀಗರ ಮನೆಗೋ ಹೋಗುವಾಗಷ್ಟೇ ಅದಕ್ಕೆ ಇಳಿಯುವ ಭಾಗ್ಯ. ನಾನೋ, ಒಳಗೊಂದು ಬಿಗಿ ಬನಿಯನ್ನು, ಮೇಲೊಂದು ದಪ್ಪ ಅಂಗಿ, ಅದರ ಮೇಲೆ ಕೊರಳಿನಿಂದ ಎರಡೂ ಕಡೆ ಇಳಿಬಿಟ್ಟ ಟವೆಲು, ಹೀಗೆ ಮೂರು ಪದರಿನಲ್ಲಿ ಬೇಯುತ್ತಿದ್ದೆ. ಕೇಳಿದವರಿಗೆ ನನಗೆ ಥಂಡಿ ಆಗಿಬರುವುದಿಲ್ಲ ಎಂದು ಹೇಳುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ಕೊಪ್ಪಳದಲ್ಲಿ ನಿಂತು ಥಂಡಿಯ ಮಾತಾಡುವುದಕ್ಕೆ ಎಂಥ ಧೈರ್ಯ ಬೇಕು ನೋಡಿ. ಅಷ್ಟು ಧೈರ್ಯವಿದ್ದವನಿಗೆ ನಿಜ ಹೇಳುವ ಧೈರ್ಯ ಇರಲಿಲ್ಲ.

ನಿಜ ಇಷ್ಟೇ. ಹದಿಮೂರನೆಯ ವಯಸ್ಸಿನಲ್ಲಿ, ಮೀಸೆ ಬರಬೇಕಾದ ಕಾಲದಲ್ಲಿ, ನನಗೆ ಎದೆ ಬಂತು. ಮೊದಲು ತೊಟ್ಟಿನ ಹಿಂದೆ ಅಡಿಕೆಯಷ್ಟು ಗಟ್ಟಿ, ಮುಟ್ಟಿದರೆ ನೋವು. ಅದು ಬೆಳೆಯಿತು. ಕುಷ್ಟಗಿ ಹತ್ತಿರದ ನಮ್ಮ ಊರಿನ ಹುಡುಗರೆಲ್ಲ ಬಾವಿಗೆ ಧುಮುಕುವಾಗ ನಾನು ದಂಡೆಯ ಮೇಲೆ ಅವರ ಬಟ್ಟೆ ಕಾಯುತ್ತಿದ್ದೆ. ಒಂದು ದಿನ ಇಬ್ಬರು ಸೇರಿ ನನ್ನನ್ನು ಅಂಗಿಸಮೇತ ನೂಕಿದರು. ಮೇಲೆ ಹತ್ತಿ ಬಂದಾಗ ಒದ್ದೆ ಬಟ್ಟೆ ಎಲ್ಲವನ್ನೂ ಹೇಳಿಬಿಟ್ಟಿತ್ತು. ಅಂದಿನಿಂದ ನನ್ನ ಹೆಸರು 'ಅಕ್ಕ' ಎಂದಾಯಿತು. ನನ್ನ ನಿಜವಾದ ಹೆಸರು ಭೀಮಪ್ಪ. ಆ ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ತೊಟ್ಟಿಲಲ್ಲಿದ್ದಾಗ ಯಾರಿಗೆ ಏನು ಗೊತ್ತಿರುತ್ತದೆ?

ಮನುಷ್ಯ ಒಂದು ವಸ್ತುವನ್ನು ಮುಚ್ಚಿಡಲು ಎಷ್ಟು ಶ್ರಮಪಡುತ್ತಾನೆಂದರೆ, ಆ ಶ್ರಮವೇ ಅವನ ಆಕಾರವಾಗಿಬಿಡುತ್ತದೆ. ಎದೆ ಕಾಣಬಾರದೆಂದು ನಾನು ಭುಜ ಮುಂದಕ್ಕೆ ತಂದೆ, ಬೆನ್ನು ಬಗ್ಗಿಸಿದೆ. ಪುಸ್ತಕವನ್ನೋ ಫೈಲನ್ನೋ ಎದೆಗವಚಿ ನಡೆದೆ. ಇದನ್ನು ನೋಡಿದ ಮೇಷ್ಟ್ರು ನನ್ನನ್ನು ವಿನಯವಂತ ಎಂದರು. ಕೊಪ್ಪಳದ ಕಚೇರಿಯಲ್ಲಿ ಬರುವ ಹೋಗುವ ಕಾಗದ ಬರೆದಿಡುವ ಆವಕ-ಜಾವಕದ ಗುಮಾಸ್ತನಾದ ಮೇಲೆ ಸಾಹೇಬರೂ ಅದನ್ನೇ ಅಂದರು. ಯಲಬುರ್ಗಾ ತಾಲೂಕಿನ ಹಳೆಯ ಗುಡಿಗಳಲ್ಲಿ ದ್ವಾರಪಾಲಕರ ವಿಗ್ರಹಗಳನ್ನು ನೋಡಿದ್ದೀರಲ್ಲ, ತುಂಬಿದ ಎದೆ, ಕಿರಿದಾದ ನಡು, ಮೇಲೆ ಬರೀ ಹಾರಗಳು. ನಾನು ಅವರೆದುರು ಬಹಳ ಹೊತ್ತು ನಿಂತದ್ದಿದೆ. ಎದೆ ತುಂಬಿರುವುದರಲ್ಲಿ ಅವರಿಗೂ ನನಗೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಅವರು ಎಂಟುನೂರು ವರ್ಷದಿಂದ ನೆಟ್ಟಗೆ ನಿಂತಿದ್ದಾರೆ.

ನೌಕರಿಗೆ ಸೇರುವ ಮೊದಲು ರಾಯಚೂರಿನಲ್ಲಿ ದೇಹಪರೀಕ್ಷೆಗೆಂದು ಅಂಗಿ ಬಿಚ್ಚಲೇಬೇಕಾಯಿತು. ಎಂಟು ವರ್ಷಗಳಲ್ಲಿ ಅದೇ ಮೊದಲು. ವಯಸ್ಸಾದ ಡಾಕ್ಟರು ಒಮ್ಮೆ ನೋಡಿದರು, ಒತ್ತಿದರು, ಇದು ರೋಗವಲ್ಲ, ಕೆಲವು ಗಂಡಸರಿಗೆ ಹೀಗಾಗುತ್ತದೆ, ಬೇಕಿದ್ದರೆ ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆಯುತ್ತಾರೆ ಎಂದು ಹೇಳಿ ಒಂದು ಚೀಟಿಯಲ್ಲಿ ಅದರ ಹೆಸರು ಬರೆದುಕೊಟ್ಟರು: ಗೈನಕೊಮಾಸ್ಟಿಯಾ. ಗ್ರೀಕ್ ಭಾಷೆಯ ಮಾತಂತೆ, ಹೆಂಗಸಿನ ಎದೆ ಎಂದೇ ಅರ್ಥವಂತೆ. ನಮ್ಮೂರ ಹುಡುಗರು ಎರಡಕ್ಷರದಲ್ಲಿ ಹೇಳಿದ್ದನ್ನೇ ಗ್ರೀಕರು ಆರಕ್ಷರದಲ್ಲಿ ಹೇಳಿದ್ದರು. ಚೀಟಿಯನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟೆ.

ಅದನ್ನು ಹೊರಗೆ ತೆಗೆಸಿದ್ದು ಗಿರಿಜಾ. ಯಲಬುರ್ಗಾ ಹತ್ತಿರದ ಹಳ್ಳಿಯ ಶರಣಪ್ಪ ಎಂಬ ರೈತರ ಮಗಳು. ಹೆಣ್ಣು ನೋಡಲು ಹೋದ ದಿನ ಅವಳು ತಲೆ ಎತ್ತಲಿಲ್ಲ, ನಾನಂತೂ ಎತ್ತುವ ಪೈಕಿಯೇ ಅಲ್ಲ. ಹೊರಡುವಾಗ ನೋಡಿದರೆ, ಅಂಗಳದ ಬಿಸಿಲಿನಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಯಾರೋ ಕಟ್ಟೆಯ ನೆರಳಿಗೆ ಸರಿಸಿಟ್ಟಿದ್ದರು. ಬಾಗಿಲ ಮರೆಯಲ್ಲಿ ಸೆರಗು ಸರಿಯಿತು. ಇಡೀ ಮಾತುಕತೆಯಲ್ಲಿ ನನಗೆ ನೆನಪಿರುವುದು ಅದೊಂದೇ. ಆ ಹುಡುಗಿಯ ಜೊತೆ ಬಾಳಬಹುದು ಎಂದು ಬಸ್ಸಿನಲ್ಲಿ ಕುಳಿತು ಅಂದುಕೊಂಡೆ. ಲಗ್ನ ಜೂನ್ ತಿಂಗಳಿಗೆ ನಿಶ್ಚಯವಾಯಿತು. ಆಮೇಲೆ ನೆನಪಾಯಿತು, ಸುರಗಿ.

ನಮ್ಮ ಕಡೆ ಮದುವೆಯ ಹಿಂದಿನ ದಿನ ನಾಲ್ಕು ತಂಬಿಗೆಗಳಿಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ, ಅರಿಶಿನ ಹಚ್ಚಿ ನೀರೆರೆಯುತ್ತಾರೆ. ಅದಕ್ಕೆ ಸುರಗಿ ಎನ್ನುವುದು. ಗಂಡು ಬರಿಮೈಯಲ್ಲಿ ಕೂಡಬೇಕು. ಸುತ್ತ ಐವತ್ತು ಹೆಂಗಸರು, ಹಾಡು, ನಗು. ಆ ಕನಸು ನನಗೆ ದಿನಾ ಬೀಳತೊಡಗಿತು. ಫೆಬ್ರುವರಿಯಲ್ಲಿ ಚೀಟಿ ಹೊರತೆಗೆದು, ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಟೈಪಿಸ್ಟ್ ಹುಸೇನಸಾಬರಿಗೆ ತೋರಿಸಿದೆ. ಅವರು ನನಗಿಂತ ಆರೇಳು ವರ್ಷ ದೊಡ್ಡವರು. ನಗಲಿಲ್ಲ. ಚೀಟಿಯ ಸ್ಪೆಲ್ಲಿಂಗನ್ನು ಎರಡು ಸಲ ಓದಿ, ಯಾವಾಗ ಹೋಗೋಣ ಎಂದು ಕೇಳಿದರು. ಮಾರ್ಚ್ ತಿಂಗಳಲ್ಲಿ ಇಬ್ಬರೂ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ತೊಟ್ಟಿನ ಕೆಳಗೆ ಅರ್ಧಚಂದ್ರನ ಹಾಗೆ ಕೊಯ್ದು, ಎರಡೂ ಕಡೆಯ ಗಂಟು ತೆಗೆದು ಹೊಲಿದರು. ಎಂಟು ದಿನ ಅಲ್ಲಿದ್ದು ಭಾಗ್ಯನಗರದ ನನ್ನ ಬಾಡಿಗೆ ಮನೆಗೆ ಮರಳಿದೆ. ಆರು ವಾರ ಎದೆಗೆ ಬಿಗಿ ಪಟ್ಟಿ ಸುತ್ತಿರಬೇಕು, ಕೈ ಭುಜದ ಮೇಲಕ್ಕೆ ಎತ್ತಬಾರದು, ಭಾರ ಹೊರಬಾರದು, ಮಗ್ಗುಲಾಗಿ ಮಲಗಬಾರದು ಎಂದು ಹೇಳಿ ಕಳಿಸಿದ್ದರು.

ಮನೆಯಲ್ಲಿ ಅವ್ವ ಇದ್ದಳು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಊರಲ್ಲಿ ಹೊಲ ನೋಡಿಕೊಂಡಿದ್ದ. ನನ್ನ ಅಡಿಗೆಗೆಂದು ಅವ್ವ ಭಾಗ್ಯನಗರಕ್ಕೆ ಬಂದಿದ್ದಳು. ಅವಳಿಗೆ ಏನೆಂದು ಹೇಳುವುದು? ರೈಲಿನಲ್ಲಿ ಬರುವಾಗ ಹುಸೇನಸಾಬರು, ಗಡ್ಡಿ ಇತ್ತು ತಗದಾರ ಅಂತ ಹೇಳಿಬಿಡು, ಅಷ್ಟು ಸುಳ್ಳೂ ಅಲ್ಲ ಎಂದಿದ್ದರು. ನಾನು ಹಾಗೆಯೇ ಹೇಳಿದೆ. ಅವ್ವ ನನ್ನ ಎದೆಯ ಪಟ್ಟಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ಗಂಜಿಗೆ ಇಟ್ಟಳು. ಪೀಡೆ ಕಳೆಯಿತು ಎಂದುಕೊಂಡೆ.

ಚೇತರಿಸಿಕೊಳ್ಳುವುದು ಎಂಬುದು ಹೊರಗಿನವರಿಗೆ ವಿಶ್ರಾಂತಿಯಂತೆ ಕಾಣುತ್ತದೆ. ಒಳಗಿದ್ದವನಿಗೆ ಅದು ಮೇಲಿನ ತೊಲೆ ಎಣಿಸುವ ನೌಕರಿ. ನನ್ನ ಕೋಣೆಗೆ ಏಳು ತೊಲೆ. ಪಕ್ಕದ ಮನೆಯಲ್ಲಿ ಮಗ್ಗವಿತ್ತು. ಬೆಳಗಿನಿಂದ ಅದರ ಲಾಳಿ ಒಂದೇ ಸಮನೆ ಅತ್ತಿಂದಿತ್ತ ಹೊಡೆದುಕೊಳ್ಳುವುದು ನನ್ನ ಹೊಲಿಗೆಗಳಲ್ಲೇ ನಡೆದ ಹಾಗೆ ಅನ್ನಿಸುತ್ತಿತ್ತು. ಪಟ್ಟಿಯ ಒಳಗೆ ಬೆವರು ಹುಳದಂತೆ ಹರಿಯುತ್ತದೆ, ತುರಿಸುವಂತಿಲ್ಲ. ತಲೆ ಬಾಚಲು ಕೈ ಎತ್ತುವಂತಿಲ್ಲ. ಅವ್ವನೇ ಎಣ್ಣೆ ಹಚ್ಚಿ ಬಾಚಿ, ನಾನು ಬೇಡವೆಂದರೂ ಬೈತಲೆ ತೆಗೆಯುತ್ತಿದ್ದಳು. ಎರಡು ದಿನಕ್ಕೊಮ್ಮೆ ಕಂಪೌಂಡರ್ ಬಂದು ಬಾಗಿಲು ಹಾಕಿಕೊಂಡು ಪಟ್ಟಿ ಬದಲಿಸುತ್ತಿದ್ದ. ಆಗ ನನ್ನ ಎದೆ ನೋಡುತ್ತಿದ್ದೆ. ನೀಲಿ, ಹಸಿರು, ಹಳದಿ, ಮಾವಿನಹಣ್ಣು ಕೊಳೆಯುವ ಬಣ್ಣಗಳೆಲ್ಲ ಇದ್ದವು. ಸಪಾಟಾಗಿತ್ತು. ಅದನ್ನೇ ಬಯಸಿದ್ದೆನಲ್ಲ! ಬೆರಳಿನಿಂದ ಮುಟ್ಟಿದರೆ ಬೆರಳಿಗಷ್ಟೇ ತಿಳಿಯುತ್ತಿತ್ತು, ಎದೆಗೆ ಏನೂ ತಿಳಿಯುತ್ತಿರಲಿಲ್ಲ. ಬೇರೆ ಯಾರದೋ ಮೈಯನ್ನು ನನಗೆ ಹೊಲಿದ ಹಾಗೆ. ಮಂಚದಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ಇನ್ನೊಂದು ಗೊತ್ತಾಯಿತು: ನನ್ನ ಬೆನ್ನು ಮೊದಲಿನಂತೆಯೇ ಬಗ್ಗಿತ್ತು. ಎದೆ ಹೋದ ಸುದ್ದಿ ಬೆನ್ನಿಗೆ ಮುಟ್ಟಿರಲಿಲ್ಲ. ಈ ಮಾತು ಬರೆಯುವಾಗಲೂ ಅದಕ್ಕೆ ಪೂರ್ತಿ ಮುಟ್ಟಿದೆಯೆಂದು ಹೇಳಲಾರೆ.

ಎರಡನೆಯ ವಾರ ಜನ ಬರತೊಡಗಿದರು. ಮೊದಲು ಮಗ್ಗದ ಮನೆಯವರು, ಆಮೇಲೆ ಕಚೇರಿಯವರು, ಆಮೇಲೆ ಕುಷ್ಟಗಿಯಿಂದ, ಗಂಗಾವತಿಯಿಂದ ನೆಂಟರು. ಒಂದು ಮಾತು ಊರಿಂದೂರಿಗೆ ಬಸ್ಸಿನಲ್ಲಿ ಹೋಗುವಾಗ ಎಷ್ಟು ದಪ್ಪವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಬಿಟ್ಟದ್ದು ಒಂದು ಗಡ್ಡೆ. ಕುಷ್ಟಗಿ ಮುಟ್ಟುವಷ್ಟರಲ್ಲಿ ಅದು ಕ್ಯಾನ್ಸರ್ ಆಗಿತ್ತು. ಬಂದವರು ಬ್ರೆಡ್ಡು ತರುತ್ತಿದ್ದರು. ಆಗ ನಮ್ಮ ಕಡೆ ಆರೋಗ್ಯವಂತರು ಯಾರೂ ಬ್ರೆಡ್ಡು ತಿನ್ನುತ್ತಿರಲಿಲ್ಲ; ಅದು ದವಾಖಾನೆಯ ಪದಾರ್ಥ. ನನ್ನ ತಲೆದೆಸೆಯಲ್ಲಿ ಒಂದೇ ದಿನ ಆರು ಬ್ರೆಡ್ಡಿನ ಪೊಟ್ಟಣಗಳು ಸೇರಿದಾಗ ನನ್ನ ಸ್ಥಿತಿ ಗಂಭೀರವಾಗಿದೆ ಎಂದು ನನಗೂ ಅನ್ನಿಸಿತು. ಅವರು ಕಾಲ ಕಡೆ ಕುಳಿತು ನಿಟ್ಟುಸಿರು ಬಿಡುತ್ತಿದ್ದರು. ಇಂಥದೇ ಗಡ್ಡೆಯಾಗಿ ಹೋದವರ ಹೆಸರು ಹೇಳಿ, ನನ್ನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಬಾವಿಗೆ ನೂಕಿದ ಇಬ್ಬರಲ್ಲಿ ಒಬ್ಬ ಬಂದು ನನ್ನ ಕೈ ಹಿಡಿದು ಕಣ್ಣೀರು ಹಾಕಿದ. ನನ್ನನ್ನು ಭೀಮಪ್ಪನವರೇ ಎಂದು ಕರೆದ.

ನಾನು ಯಾಕೆ ಅಲ್ಲಗಳೆಯಲಿಲ್ಲ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕ್ಯಾನ್ಸರ್ ಅಲ್ಲ ಎಂದ ಕೂಡಲೇ ಮತ್ತೇನು ಎಂದು ಕೇಳುತ್ತಾರೆ. ಆ ಮತ್ತೇನಕ್ಕೆ ನನ್ನ ಬಳಿ ಉತ್ತರವಿತ್ತು, ಬಾಯಿ ಇರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನನಗೆ ಆ ಮರ್ಯಾದೆ ಹಿತವಾಗತೊಡಗಿತ್ತು. ಸಾಯುವವನೆದುರು ಜನ ದನಿ ತಗ್ಗಿಸುತ್ತಾರೆ. ಎದೆ ಬಂದವನೆದುರು ತಗ್ಗಿಸುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದಾಗ ನಾನು ಸಾವನ್ನು ಆರಿಸಿಕೊಂಡೆ, ಅದೂ ಬ್ರೆಡ್ಡು ತಿನ್ನುತ್ತ.

ನಾಲ್ಕನೆಯ ವಾರದಲ್ಲಿ ಶರಣಪ್ಪನವರು ಬಂದರು. ಒಬ್ಬರೇ ಬಂದಿದ್ದರು. ಅವ್ವ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು, ಚಹಾ ಮುಟ್ಟದೆ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಅವ್ವ ಒಳಗೆ ಹೋದ ಮೇಲೆ ಕೇಳಿದರು:

"ತಪ್ಪು ತಿಳೀಬ್ಯಾಡ್ರಿ ಭೀಮಪ್ಪನವರ. ಹೆಣ್ಣು ಹಡದಾಂವ ಅದೀನಿ, ಕೇಳಬೇಕಾಗತೈತಿ. ಮಂದಿ ಹೇಳೂದು ಖರೇ ಏನ್ರಿ?"

"ಗಡ್ಡಿ ಇದ್ವುರಿ. ತಗದಾರ," ಎಂದೆ.

"ಎಂಥಾ ಗಡ್ಡಿರಿ?"

ಒಂದೇ ಒಂದು ವಾಕ್ಯ ಬೇಕಾಗಿತ್ತು. ಅದು ನನ್ನ ಗಂಟಲವರೆಗೆ ಬಂದದ್ದೂ ನೆನಪಿದೆ. ಆದರೆ ಎದುರಿಗೆ ಕುಳಿತವರು ನಾಳೆ ನನ್ನ ಮಾವನಾಗುವವರು. ಅವರು ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾರೆ, ಹೆಂಡತಿ ಮಗಳಿಗೆ. ಆ ಹುಡುಗಿ ಕೇಳಿ ಏನು ಅಂದುಕೊಳ್ಳಬಹುದು ಎಂದು ಯೋಚಿಸುತ್ತಲೇ ಹೊತ್ತು ಮೀರಿತು. ದವಾಖಾನೆಯ ಕಾಗದ ಇದ್ದರೆ ಕೊಡಿ, ನಮ್ಮೂರ ಡಾಕ್ಟರಿಗೆ ತೋರಿಸಿ ತರುತ್ತೇನೆ ಎಂದು ಅವರು ಕೇಳಿದರು. ಕಾಗದ ನನ್ನ ದಿಂಬಿನ ಕೆಳಗೇ ಇತ್ತು. ಹುಬ್ಬಳ್ಳಿಯಲ್ಲೇ ಉಳಿದಿದೆ ಎಂದೆ. ಶರಣಪ್ಪ ತಲೆಯಾಡಿಸಿದರು. ಸುಳ್ಳು ಅವರಿಗೆ ತಿಳಿಯಿತು. ಆದರೆ ಯಾವ ಸುಳ್ಳು ಎಂಬುದು ತಿಳಿಯಲಿಲ್ಲ.

"ನಮ್ಮ ಗಿರಿಜಾ ಇನ್ನಾ ಸಣ್ಣಾಕಿರಿ," ಎಂದರು. ಹೋಗುವಾಗ ನನ್ನ ಪಾದ ಮುಚ್ಚಿದ್ದ ಚಾದರವನ್ನು ಸರಿಮಾಡಿ ಹೋದರು. ವಾರದೊಳಗೆ ಸಂಬಂಧ ಕುದುರಿಸಿದ್ದ ನಡುವಿನವರು ಬಂದು, ಸಂಬಂಧ ಬೇಡವಂತೆ, ಬೇಜಾರು ಮಾಡಿಕೊಳ್ಳಬಾರದಂತೆ ಎಂದು ತಿಳಿಸಿದರು.

ಹುಸೇನಸಾಬರು ಅಂದು ಸಂಜೆ ಬಂದಾಗ ನಾನು ಗೋಡೆಗೆ ಮುಖ ಮಾಡಿ ಕುಳಿತಿದ್ದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಚೇರಿಯಲ್ಲಿ ದಿನಕ್ಕೆ ನೂರು ಕಾಗದ ಬರುತ್ತವೆ, ಒಂದನ್ನೂ ಬಿಡದೆ ಆವಕದಲ್ಲಿ ಬರೆಯುತ್ತೀ, ನಿನ್ನದೇ ಒಂದು ಸಾಲನ್ನು ಬರೆಯಲು ನಿನಗೆ ಆಗಲಿಲ್ಲವೇ ಎಂದರು. ಕೊನೆಗೆ ಬಾಗಿಲಲ್ಲಿ ನಿಂತು, "ನಿನ್ನ ಅವ್ವನ ಮಾರಿ ನೋಡಿಯೇನೋ ಈ ತಿಂಗಳದಾಗ?" ಎಂದು ಕೇಳಿದರು.

ನಿಜ ಹೇಳಬೇಕೆಂದರೆ ನೋಡಿರಲಿಲ್ಲ. ಮರುದಿನ ನೋಡಿದೆ. ಅವ್ವ ಅರ್ಧವಾಗಿದ್ದಳು. ಕೊರಳ ಎಲುಬು ಎದ್ದಿತ್ತು. ಹೊತ್ತಿಗೆ ಸರಿಯಾಗಿ ಗಂಜಿ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು, ಬಂದವರಿಗೆ ಚಹಾ ಕಾಸುತ್ತಿದ್ದಳು. ಅವಳು ಉಂಡದ್ದನ್ನು ನಾನು ಯಾವಾಗ ಕಂಡಿದ್ದೆ? ಇಷ್ಟು ದಿನ ಬಂದವರೆಲ್ಲ ನನ್ನ ಕಾಲ ಕಡೆ ಕುಳಿತು ಅತ್ತು ಹೋಗುತ್ತಿದ್ದರು, ಅವಳು ಅವರನ್ನು ಬಾಗಿಲವರೆಗೆ ಕಳಿಸಿ ಬರುತ್ತಿದ್ದಳು. ಬಾಗಿಲಲ್ಲಿ ಅವರು ಅವಳಿಗೆ ಏನೇನು ಹೇಳಿದ್ದರೋ. ಈವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ದಿನ ಕಳೆದೆ.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದಾಗ ಅವ್ವ ಇರಲಿಲ್ಲ. ಗಂಜಿ ಮಾಡಿ ಮುಚ್ಚಿಟ್ಟಿದ್ದಳು. ಮಗ್ಗದ ಮನೆಯ ಅಜ್ಜಿಯನ್ನು ಕೇಳಿದೆ. ಅವ್ವ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಾಳಂತೆ. ಮಗ ಉಳಿಯಲಿ ಎಂದು ಬರಿಗಾಲಲ್ಲಿ, ನೀರು ಕುಡಿಯದೆ, ನಡೆದು ಹೋಗಿ ಬರುವುದಾಗಿ. ಚುಕ್ಕಿ ಇರುವಾಗಲೇ ಹೊರಟಳಂತೆ. ಏಪ್ರಿಲ್ ತಿಂಗಳ ಕೊನೆ. ಡಾಂಬರು ರಸ್ತೆ. ಅರವತ್ತು ದಾಟಿದ ಹೆಂಗಸು.

ಹುಸೇನಸಾಬರ ಮನೆಗೆ ಓಡಿದೆ, ಓಡಬಾರದೆಂದು ಹೇಳಿದ್ದರೂ. ಇಬ್ಬರೂ ಗಂಗಾವತಿ ಬಸ್ಸು ಹತ್ತಿ ಎಡಕ್ಕೊಬ್ಬರು ಬಲಕ್ಕೊಬ್ಬರು ಕಿಟಕಿಯಲ್ಲಿ ಕುಳಿತೆವು. ಹಿಟ್ನಾಳದ ಹತ್ತಿರ ಹುಸೇನಸಾಬರು ಬಸ್ಸು ನಿಲ್ಲಿಸಿದರು. ರಸ್ತೆ ಬದಿಯ ಚಹಾದಂಗಡಿಯ ಚಪ್ಪರದ ಕೆಳಗೆ ಅವ್ವ ಕುಳಿತಿದ್ದಳು. ಅಂಗಡಿಯಾಕೆ ಅವಳ ಪಾದಕ್ಕೆ ಒದ್ದೆ ಚೀಲ ಸುತ್ತುತ್ತಿದ್ದಳು. ಅಂಗಾಲು ಬೊಬ್ಬೆ ಎದ್ದು ಒಡೆದಿದ್ದವು. ಬಿಸಿಲು ಇಳಿದ ಮೇಲೆ ಮತ್ತೆ ಹೊರಡುತ್ತೇನೆಂದು ಹಟ ಹಿಡಿದಿದ್ದಾಳೆ, ನೀರು ಕೂಡ ಮುಟ್ಟುತ್ತಿಲ್ಲ ಎಂದು ಅಂಗಡಿಯಾಕೆ ನಮ್ಮನ್ನು ಬೈದಳು. ನನ್ನನ್ನು ಕಂಡು ಅವ್ವನಿಗೆ ಗಾಬರಿಯಾಯಿತು. ಇಂಥ ಬಿಸಿಲಿನಲ್ಲಿ ನೀ ಯಾಕೆ ಬಂದೆ, ನಿನ್ನ ಮೈಗೆ ಆಗುತ್ತದೆಯೇ ಎಂದಳು.

ನಾನು ಅವಳ ಎದುರು ನೆಲದ ಮೇಲೆ ಕುಳಿತು ಅಂಗಿಯ ಗುಂಡಿ ಬಿಚ್ಚಿದೆ. ಚಪ್ಪರದ ಕೆಳಗೆ ಲಾರಿಯವರು ನಾಲ್ಕೈದು ಜನ ಚಹಾ ಕುಡಿಯುತ್ತಿದ್ದರು. ಹುಸೇನಸಾಬರು ಪಟ್ಟಿಯ ಪಿನ್ನು ತೆಗೆದರು. ನಾನು ಸುತ್ತು ಬಿಚ್ಚುತ್ತಾ ಹೋದೆ. ಅಂಗಿ ಇಲ್ಲ, ಬನಿಯನ್ನಿಲ್ಲ, ಟವೆಲಿಲ್ಲ. ಎದೆಯ ಮೇಲೆ ಗಾಳಿ ಬಿದ್ದಾಗ ಕಣ್ಣಲ್ಲಿ ನೀರು ಬಂತು.

"ಕ್ಯಾನ್ಸರ ಅಲ್ಲಬೇ," ಎಂದೆ. "ನನಗ ಎದಿ ಇದ್ವು. ಹೆಂಗಸರಂಗ. ಸಣ್ಣಾಂವಿದ್ದಾಗಿಂದ. ಅವನ್ನ ತಗಸಿಕೊಂಡು ಬಂದೀನಿ. ಹೇಳಾಕ ನಾಚಿಕಿ ಬಂತು."

ಅವ್ವ ಎರಡೂ ಹೊಲಿಗೆಯ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿದಳು.

"ಇದ್ದದ್ದು ನನಗ ಗೊತ್ತಿತ್ತೋ ಯಪ್ಪಾ," ಎಂದಳು. "ನೀ ಏಳನೇತ್ತೆ ಇದ್ದಾಗಿಂದ ಗೊತ್ತಿತ್ತು. ಹುಡುಗ ನಾಚಿಕೊಂತೈತಿ, ಬಾಯಿ ಬಿಡಬಾರದಂತ ಸುಮ್ಮನಿದ್ದೆ. ನಿನ್ನ ಅಂಗಿಗೆ ದಪ್ಪನ್ನ ಅರಬಿ ತಂದು, ಎರಡು ಕಡೀಗೂ ಕಿಸೆ ಹಚ್ಚಸ್ತಿದ್ದೆ. ಈಗ ಅವs ಗಡ್ಡಿಯಾಗಿ ಹಿಂಗಾತು, ಅವಾಗs ದವಾಖಾನಿಗೆ ಒಯ್ದಿದ್ರ ನನ್ನ ಮಗ ಉಳೀತಿದ್ದ, ನಾನs ಕೊಂದೆ ಅಂತ ತಿಳಕೊಂಡಿದ್ದೆ."

ಹದಿಮೂರು ವರ್ಷ ಅವಳಿಂದ ಮುಚ್ಚಿಟ್ಟಿದ್ದೇನೆ ಎಂದು ನಾನು, ಗೊತ್ತಿರುವುದನ್ನು ನನ್ನಿಂದ ಮುಚ್ಚಿಟ್ಟಿದ್ದೇನೆ ಎಂದು ಅವಳು, ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ ಕುಳಿತಿದ್ದೆವು. ಎಲ್ಲ ಅಂಗಿಗೂ ಎರಡೆರಡು ಕಿಸೆ ಯಾಕಿವೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವುಗಳಲ್ಲಿ ಪೆನ್ನು ಇಟ್ಟುಕೊಂಡಿದ್ದೆ. ಲಾರಿಯವರಲ್ಲೊಬ್ಬ ನಮ್ಮ ಕಡೆ ನೋಡಿ, ಅಪಘಾತವೇ ಎಂದು ಕೇಳಿದ. ಹುಸೇನಸಾಬರು ಹೌದೆಂದರು.

ಅವ್ವ ಆಮೇಲೂ ಮನೆಗೆ ಬರಲು ಒಪ್ಪಲಿಲ್ಲ. ರೋಗವೇ ಅಲ್ಲದ ಮೇಲೆ ಹರಕೆ ಯಾಕೆ ಎಂದು ನಾನು ವಾದಿಸಿದೆ. ಹೊತ್ತದ್ದು ಹೊತ್ತದ್ದೇ, ದುರ್ಗಮ್ಮನ ಹತ್ತಿರ ಹೋಗಿ ನನಗೆ ತಿಳಿಯದೆ ತಪ್ಪಾಯಿತೆಂದು ನಾನೇ ಹೇಳಬೇಕು ಎಂದಳು. ಮುಂದಿನ ದಾರಿಯನ್ನು ಬಸ್ಸಿನಲ್ಲಿ ಹೋಗಲು ಮಾತ್ರ ಒಪ್ಪಿದಳು. ಹೇಮಗುಡ್ಡದಲ್ಲಿ ನಾನೂ ಹುಸೇನಸಾಬರೂ ಅವಳನ್ನು ಎರಡು ಕಡೆಯಿಂದ ಹಿಡಿದು ಮೆಟ್ಟಿಲು ಹತ್ತಿಸಿದೆವು. ಭಾರ ಹೊರಬಾರದೆಂದಿದ್ದರು, ಅವಳಲ್ಲಿ ಭಾರವೇ ಉಳಿದಿರಲಿಲ್ಲ. ದರ್ಶನವಾದ ಮೇಲೆ ನೀರು ಕುಡಿದಳು. ಅಂಗಾಲು ಮಾಯಲು ಮಳೆಗಾಲ ಬರಬೇಕಾಯಿತು. ಅಷ್ಟು ದಿನ ನಾನು ಗಂಜಿ ಮಾಡಿದೆ. ಅವಳು ಉಪ್ಪು ಹೆಚ್ಚೆಂದು ಹೇಳುತ್ತ ಕುಡಿದಳು.

ಆರು ವಾರ ತುಂಬಿದ ಮೇಲೆ ಪಟ್ಟಿ ಬಿಚ್ಚಿಟ್ಟು ಒಬ್ಬನೇ ಯಲಬುರ್ಗಾ ಕಡೆಗೆ ಹೋದೆ. ಅವ್ವನೇ ಕಳಿಸಿದಳು. ಶರಣಪ್ಪನವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಕಾಗದ ಅವರ ಕೈಗೆ ಕೊಟ್ಟು, ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿಸಲು ಅರ್ಧ ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ. ನನ್ನ ಆಯುಷ್ಯವನ್ನೆಲ್ಲ ತಿಂದ ಸಂಗತಿ ಅಷ್ಟು ಚಿಕ್ಕದಿತ್ತು. ಅವರು ಹಗ್ಗವನ್ನು ಕೆಳಗಿಟ್ಟರು.

"ಅವತ್ತs ಹೇಳಿದ್ರ ನಕ್ಕು ಬಿಡತಿದ್ವಿರಿ," ಎಂದರು. "ಲಗ್ನಾನೂ ಆಗತಿತ್ತು. ಹೋದ ಸೋಮವಾರ ಕುಷ್ಟಗಿಯವರಿಗೆ ಮಾತು ಕೊಟ್ಟೇನ್ರಿ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಯಾರೂ ಹೊರಗೆ ಬರಲಿಲ್ಲ. ಶರಣಪ್ಪನವರು ಬಸ್ಸಿನವರೆಗೆ ನನ್ನ ಜೊತೆ ನಡೆದು ಬಂದರು. ದಾರಿಯುದ್ದಕ್ಕೂ ಮಳೆಯ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟಿದೆ. ಬಸ್ಸು ಹೊರಟ ಮೇಲೆ, ಇಷ್ಟು ದಿನ ನಾನು ಹೆದರಿದ್ದು ನಗುವಿಗೆ ಎಂದು ಹೊಳೆಯಿತು. ಅವರ ಮನೆಯಲ್ಲಿ ನನಗಾಗಿ ಒಂದು ನಗು ಇತ್ತಂತೆ. ಅದು ಎಂಥದಿತ್ತೋ, ನನಗೆ ಕೇಳಲು ಸಿಗಲಿಲ್ಲ.

ಎರಡು ವರ್ಷದ ಮೇಲೆ ಗಂಗಾವತಿ ಕಡೆಯ ಹೆಣ್ಣಿನ ಜೊತೆ ನನ್ನ ಮದುವೆಯಾಯಿತು. ನಿಶ್ಚಯಕ್ಕೆ ಮುಂಚೆಯೇ ಅವಳಿಗೆ ನೇರವಾಗಿ ಹೇಳಿದೆ. ಈಗೂ ನೋವಾಗುತ್ತದೆಯೇ ಎಂದಷ್ಟೇ ಅವಳು ಕೇಳಿದಳು. ಥಂಡಿಯಲ್ಲಿ ಸ್ವಲ್ಪ ಎಂದೆ. ಈ ಸಲ ಅದು ನಿಜವಾಗಿತ್ತು.

ಆದರೆ ಬಿಟ್ಟ ಸುಳ್ಳು ತನ್ನ ಪಾಡಿಗೆ ಬದುಕಿತ್ತು. ಕುಷ್ಟಗಿಯಿಂದ ಗಂಗಾವತಿವರೆಗೆ ನಾನು ಕ್ಯಾನ್ಸರ್ ಗೆದ್ದು ಬಂದವನೆಂದೇ ಹೆಸರಾಗಿತ್ತು. ಎಂಬತ್ತರ ದಶಕದಲ್ಲಿ, ವರ್ಷ ಸರಿಯಾಗಿ ನೆನಪಿಲ್ಲ, ಕುಷ್ಟಗಿ ಕಡೆಯ ಹನಮವ್ವ ಎಂಬ ಹೆಣ್ಣುಮಗಳು ತನ್ನ ಗಂಡನನ್ನು ಕರೆದುಕೊಂಡು ಮನೆಗೆ ಬಂದಳು. ಅವನ ಕೊರಳಲ್ಲಿ ಗಡ್ಡೆ. ದವಾಖಾನೆಗೆ ಹೋಗಲು ಹೆದರಿ ಆರು ತಿಂಗಳಿಂದ ಹೊಲದಲ್ಲೇ ಮಲಗುತ್ತಿದ್ದನಂತೆ. ನೀವು ಉಳಿದವರು, ನಾಲ್ಕು ಧೈರ್ಯದ ಮಾತು ಹೇಳಿ ಎಂದು ಅವಳು ಕೈಮುಗಿದಳು. ಅವನು ನನ್ನನ್ನು ನೋಡುತ್ತಿದ್ದ ರೀತಿಯನ್ನು ನನ್ನಿಂದ ತಡೆಯಲಾಗಲಿಲ್ಲ. ನನಗೆ ಆ ರೋಗ ಇರಲಿಲ್ಲ ಎಂದೆ. ಇದ್ದದ್ದು ಇಂಥದು ಎಂದೆ. ಅಂಗಿ ಬಿಚ್ಚಿ ತೋರಿಸಿದೆ. ಬಾವಿಯ ಕತೆ, ಬ್ರೆಡ್ಡಿನ ಕತೆ, ಗ್ರೀಕರ ಕತೆ ಎಲ್ಲ ಹೇಳಿದೆ.

ಅವನ ಮುಖ ಮೊದಲು ಬಿಗಿಯಿತು. ಆಮೇಲೆ ಅದರ ಅಂಚಿನಿಂದ ನಗು ಎದ್ದಿತು, ಕೆಮ್ಮಿನಂತೆ ಶುರುವಾಗಿ, ಕೊರಳು ಹಿಡಿದುಕೊಂಡು ನಗುವಷ್ಟು. "ಬಿಡ್ರಿ, ನಮಗ ಧೈರ್ಯ ಬರ್ಲೆಂತ ಹೇಳತೀರಿ," ಎಂದ. "ಯಾ ಗಂಡಸು ಇಂಥಾದ್ದು ತಾನs ಹೇಳಿಕೊಂತಾನ್ರಿ?" ಎಷ್ಟು ಆಣೆ ಮಾಡಿದರೂ ನಂಬಲಿಲ್ಲ. ನನ್ನ ಗಾಯದ ಗೆರೆಗಳನ್ನು ಗೌರವದಿಂದ ನೋಡಿ, ಹೆಂಡತಿಗೆ, ನಡಿ ಹೋಗೂಣು ಎಂದ. ಮರುದಿನವೇ ಹುಬ್ಬಳ್ಳಿಗೆ ಹೋದರು.

ತಡವಾಗಿತ್ತು. ಶ್ರಾವಣದಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ದಸರೆಯ ಮುಂಚೆ ಹನಮವ್ವ ಯಾವುದೋ ಕಚೇರಿ ಕೆಲಸಕ್ಕೆ ಕೊಪ್ಪಳಕ್ಕೆ ಬಂದವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ಕೂಡಲು ಚಾಪೆ ಹಾಸಿದೆ. ಅವಳೇ ಹೇಳಿದಳು:

"ರೈಲಿನಾಗ ನಿಮ್ಮ ಎದೀ ಕತಿ ನೆನಿಸಿಕೊಂಡು ನೆನಿಸಿಕೊಂಡು ಹುಬ್ಬಳ್ಳಿ ಮುಟ್ಟೂತನಕ ನಕ್ಕರ್ರಿ. ಅಷ್ಟು ನಕ್ಕದ್ದು ನಾ ನೋಡೇ ಇರ್ಲಿಲ್ಲ."

ಅವ್ವ ಒಳಗಿಂದ ನೀರು ತಂದು ಕೊಟ್ಟಳು. ಹನಮವ್ವ ಕುಡಿದು, ಬಾಯಿ ಒರೆಸಿಕೊಂಡು, ಅದು ಖರೇ ಏನ್ರಿ ಎಂದು ಮೆಲ್ಲಗೆ ಕೇಳಿದಳು. ಖರೆ ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ನಾನು ಕೇಳಲಿಲ್ಲ.